ಉಸಿರು ಬಿಟ್ಟು ಕೊಟ್ಟ ಅಳತೆ

ಕುದೂರಿನ ಸೊಂಟಗಳ ಲೆಕ್ಕ ನನ್ನ ಹತ್ತಿರ ಇದೆ. ಮೂವತ್ತಾರು ವರ್ಷದಿಂದ ಇಲ್ಲಿ ಟೈಲರ್ ಅಂಗಡಿ ಇಟ್ಟುಕೊಂಡಿದ್ದೇನೆ. ಅಳತೆ ಬರೆದಿಟ್ಟ ಉದ್ದನೆಯ ಪುಸ್ತಕಗಳು ಹದಿನೇಳು ತುಂಬಿವೆ. ಮದುವೆ ಪ್ಯಾಂಟಿಗೆ 28 ಇದ್ದವರು ಮಗ ಹೈಸ್ಕೂಲು ಸೇರುವ ಹೊತ್ತಿಗೆ 34 ಆಗಿ, ಅದೇ ಮಗನ ಮದುವೆಗೆ 40 ಮುಟ್ಟಿದ್ದು ಪುಟ ತಿರುವಿದರೆ ಗೊತ್ತಾಗುತ್ತದೆ. ಊರಿನ ಚರಿತ್ರೆ ಬೇಕಾದವರು ಭೈರವನದುರ್ಗದ ಕೋಟೆ ಹತ್ತುತ್ತಾರೆ. ನನ್ನ ಹತ್ತಿರ ಬಂದರೆ ಅದು ಇಂಚಿನಲ್ಲಿ ಸಿಗುತ್ತದೆ.

ಈ ಕಸುಬಿನಲ್ಲಿ ಒಂದು ಗುಟ್ಟಿದೆ. ಟೇಪು ಕತ್ತಿಗೆ ಹಾಕಿದಾಗ, ತೋಳಿಗೆ ಹಿಡಿದಾಗ ಜನ ಸುಮ್ಮನೆ ನಿಂತಿರುತ್ತಾರೆ. ಸೊಂಟಕ್ಕೆ ಬಂತೋ, ಉಸಿರು ಒಳಕ್ಕೆ ಹೋಗುತ್ತದೆ. ಬಾಯಲ್ಲಿ ‘ವಸಿ ಲೂಸಾಗೇ ಇರ್ಲಿ ಟೈಲ್ರೇ’ ಅನ್ನುತ್ತಲೇ ಹೊಟ್ಟೆಯನ್ನು ಬೆನ್ನಿಗೆ ಅಂಟಿಸಿಕೊಂಡಿರುತ್ತಾರೆ. ಕಾಲೇಜು ಹುಡುಗನಿಂದ ಹಿಡಿದು ಮೊಮ್ಮಕ್ಕಳನ್ನು ಕಂಡವರ ತನಕ ಇದರಲ್ಲಿ ಭೇದವಿಲ್ಲ. ಆ ಅಳತೆ ನಂಬಿ ಹೊಲಿದರೆ ಮುಗಿಯಿತು, ಮೊದಲನೇ ಮದುವೆ ಊಟಕ್ಕೇ ಪ್ಯಾಂಟು ಅಂಗಡಿಗೆ ವಾಪಸು. ಅದಕ್ಕೇ ನಾನು ಟೇಪು ಸುತ್ತಿ ಹಿಡಿದುಕೊಂಡು ಕೇಳುತ್ತೇನೆ: ‘ನಿಮ್ ಕಡೆ ಮಳೆ ಹೆಂಗೆ? ರಾಗಿ ಎಷ್ಟು ಮೂಟೆ ಆಯ್ತು?’ ಉತ್ತರ ಹೇಳಬೇಕಾದರೆ ಉಸಿರು ಬಿಡಲೇಬೇಕಲ್ಲ. ಹೊಟ್ಟೆ ತನ್ನ ಜಾಗಕ್ಕೆ ಬರುತ್ತದೆ. ‘ಆ ಏನ್ ಮಳೆ ಬುಡಿ’ ಅನ್ನುವಷ್ಟರಲ್ಲಿ ಟೇಪು ಓದಿ ಬರೆದುಕೊಂಡು ಬಿಟ್ಟಿರುತ್ತೇನೆ.

ಆ ಹದಿನೇಳು ಪುಸ್ತಕದಲ್ಲಿ ಎಲ್ಲೂ ಇಲ್ಲದ ಸೊಂಟ ಒಂದಿತ್ತು, ಅದು ನನ್ನದು. ನನ್ನ ಬಟ್ಟೆಯನ್ನು ನಾನು ಅಳತೆ ಹಿಡಿದು ಹೊಲಿದದ್ದಿಲ್ಲ. ಹಳೇ ಪ್ಯಾಂಟನ್ನು ಬಟ್ಟೆ ಮೇಲೆ ಹಾಸಿ, ಗೆರೆ ಎಳೆಯುವಾಗ ಆಚೆಗೆ ಅರ್ಧ ಇಂಚು ಸರಿಸಿ, ಚಾಕ್‌ಪೀಸು ದಪ್ಪ ಇದೆ ಅಂತ ಸಮಾಧಾನ ಮಾಡಿಕೊಳ್ಳುತ್ತಿದ್ದೆ.

ನೆಲಕ್ಕೆ ಬಿದ್ದ ಸೂಜಿ ಎತ್ತಲು ಒಂದು ಉಪಾಯ ಮಾಡಿಕೊಂಡಿದ್ದೆ. ಕೆಟ್ಟುಹೋದ ಸ್ಪೀಕರಿನ ಮ್ಯಾಗ್ನೆಟ್ಟಿಗೆ ದಾರ ಕಟ್ಟಿ ಮಿಷನ್ನಿನ ಪಕ್ಕ ನೇತುಹಾಕಿದ್ದೆ. ಸೂಜಿ ಬಿದ್ದರೆ ಬಾವಿಗೆ ಕೊಡ ಬಿಟ್ಟ ಹಾಗೆ ಮ್ಯಾಗ್ನೆಟ್ಟು ಇಳಿಬಿಟ್ಟು, ಕೂತಲ್ಲಿಂದಲೇ ಸೇದಿಕೊಳ್ಳುವುದು. ಬಂದವರಿಗೆಲ್ಲ ಇದನ್ನು ತೋರಿಸಿ ಹೆಮ್ಮೆಪಡುತ್ತಿದ್ದೆ. ಕಳೆದ ವರ್ಷ ಮೇ ತಿಂಗಳ ಕೊನೆಯಲ್ಲಿ, ಶಾಲೆ ಯೂನಿಫಾರಂ ಕೆಲಸ ಕತ್ತಿನ ಮಟ್ಟ ಇದ್ದಾಗ, ಒಂದು ಗುಂಡಿ ಬಿತ್ತು. ಗುಂಡಿ ಪ್ಲಾಸ್ಟಿಕ್ಕಿನದು. ಅದಕ್ಕೆ ಮ್ಯಾಗ್ನೆಟ್ಟು ಏನು ಮಾಡೀತು? ಬಗ್ಗಿದೆ. ಅರ್ಧಕ್ಕೆ ಹೋದ ಸೊಂಟ ಅಲ್ಲೇ ಹಿಡಿದುಕೊಂಡಿತು. ಕೆಳಗೂ ಹೋಗುವ ಹಾಗಿಲ್ಲ, ಮೇಲೂ ಬರುವ ಹಾಗಿಲ್ಲ. ಅಂಗಿ ಕೊಂಡೊಯ್ಯಲು ಬಂದಿದ್ದ ಐದನೇ ಕ್ಲಾಸಿನ ಹುಡುಗ ಕಣ್ಣು ಮಿಟುಕಿಸುವುದರೊಳಗೆ ಕುಕ್ಕರುಗಾಲಲ್ಲಿ ಕೂತು ಗುಂಡಿ ಎತ್ತಿ, ‘ತಗೋ ತಾತ’ ಅಂದ. ಅವನ ಅಪ್ಪ ಮೊನ್ನೆ ಮೊನ್ನೆಯವರೆಗೆ ನನ್ನನ್ನು ಅಣ್ಣ ಅನ್ನುತ್ತಿದ್ದವನು. ಒಂದು ಗುಂಡಿಯ ದೆಸೆಯಿಂದ ನಾನು ತಾತನಾದೆ.

ಡಾಕ್ಟರು ಸಕ್ಕರೆ ಗಡಿಯ ಮೇಲೆ ನಿಂತಿದೆ ಅಂದರು. ಬೆಳಿಗ್ಗೆ ನಡೆಯಿರಿ, ಇಲ್ಲ ಯೋಗಕ್ಕೆ ಸೇರಿ ಅಂದರು. ನಡೆಯುವುದು ಸಲೀಸು ಅಂತ ಬೆಟ್ಟದ ಕಡೆಯ ರಸ್ತೆ ಹಿಡಿದೆ. ನಾಲ್ಕನೇ ದಿನಕ್ಕೆ ಆ ಕಡೆ ಚಿರತೆ ಕಾಣಿಸಿಕೊಂಡಿದೆ ಅನ್ನುವ ಸುದ್ದಿ ಬಂತು. ನಮ್ಮ ಮಾಗಡಿ ಸೀಮೆಯಲ್ಲಿ ಚಿರತೆ ಸುದ್ದಿಯನ್ನು ಯಾರೂ ಹಗುರವಾಗಿ ತೆಗೆದುಕೊಳ್ಳುವುದಿಲ್ಲ. ‘ನಡೆಯಾಕೇ ಆಗ್ದೋರು ಓಡಕ್ಕಾಯ್ತದಾ? ಯೋಗಕ್ಕೋಗಿ’ ಅಂದಳು ನಮ್ಮನೆಯವಳು. ಹೀಗೆ ನನ್ನ ಯೋಗಕ್ಕೆ ಮೂಲ ಪತಂಜಲಿಯಲ್ಲ, ಚಿರತೆ.

ಇಲ್ಲಿ ಒಂದು ಮಾತು ಹೇಳಿಬಿಡಬೇಕು. ನಾನು 1969ರಲ್ಲಿ ಹುಟ್ಟಿದಾಗ ಕುದೂರು ಬೆಂಗಳೂರು ಜಿಲ್ಲೆಯಲ್ಲಿತ್ತು. 1986ರಲ್ಲಿ ಬೆಂಗಳೂರು ಗ್ರಾಮಾಂತರಕ್ಕೆ ಸೇರಿತು. 2007ರಲ್ಲಿ ರಾಮನಗರ ಜಿಲ್ಲೆ ಆಯಿತು. 2025ರಲ್ಲಿ ಬೆಂಗಳೂರು ದಕ್ಷಿಣ ಅಂತ ಹೆಸರು ಬದಲಾಯಿತು. ಸ್ಟೂಲಿನ ಮೇಲಿಂದ ಎದ್ದೇಳದೆ ನಾಲ್ಕು ಜಿಲ್ಲೆ ಸುತ್ತಿ ಬಂದವನು ನಾನು. ಇಂಥವನ ಮೈ ಬಗ್ಗಲಿಲ್ಲ ಅಂದರೆ ಆಶ್ಚರ್ಯವೇನಿದೆ?

ತರಗತಿ ಬೆಳಿಗ್ಗೆ ಐದೂವರೆಗೆ, ಸಮುದಾಯ ಭವನದಲ್ಲಿ. ಹೇಳಿಕೊಡುವವರು ನಿವೃತ್ತ ಪಿ.ಟಿ. ಮೇಷ್ಟ್ರು. ತುಮಕೂರಿನಲ್ಲಿದ್ದಾಗ ಕಲಿತವರು. ಫೀಸು ಇಲ್ಲ. ತುಮಕೂರಿನಲ್ಲಿ 1980ರಲ್ಲಿ ಶುರುವಾದ ಶ್ರೀ ಪತಂಜಲಿ ಯೋಗ ಶಿಕ್ಷಣ ಸಮಿತಿಯವರು ಊರೂರಿನಲ್ಲಿ ಕಾಸು ಕೇಳದೆ ಬೆಳಗಿನ ತರಗತಿ ನಡೆಸಿಕೊಂಡು ಬಂದದ್ದರಿಂದ, ನಮ್ಮ ಕಡೆ ಯೋಗ ಅಂದ ತಕ್ಷಣ ಎಷ್ಟು ದುಡ್ಡು ಅಂತ ಯಾರೂ ಕೇಳುವುದಿಲ್ಲ. ಬೆಂಗಳೂರಿನಲ್ಲಿರುವ ಮಗಳು ಫೋನಿನಲ್ಲಿ ಮ್ಯಾಟು, ಟ್ರ್ಯಾಕ್ ಪ್ಯಾಂಟು ಅಂತ ಪಟ್ಟಿ ಕೊಟ್ಟಳು. ನಾನು ಮನೆಯಲ್ಲಿದ್ದ ಹಳೇ ಜಮಖಾನ ಮಡಿಸಿ ಕಂಕುಳಲ್ಲಿ ಇಟ್ಟುಕೊಂಡು ಹೋದೆ.

ಹೋಗಿ ನೋಡಿದರೆ ಅಲ್ಲಿದ್ದವರೆಲ್ಲ ನನ್ನ ಗಿರಾಕಿಗಳು! ಲಾರಿ ಇಟ್ಟಿರುವವರು, ಹಾಲಿನ ಡೇರಿಯವರು, ಹೂ ಮಾರುವ ಅಜ್ಜಿ, ಬ್ಯಾಂಕಿನ ಒಬ್ಬರು, ಎಸ್ಸೆಸ್ಸೆಲ್ಸಿ ಹುಡುಗ ಒಬ್ಬ, ನಾಲ್ಕೈದು ಜನ ಗೃಹಿಣಿಯರು. ಯಾರ ಹೊಟ್ಟೆ ಎಷ್ಟು ಅಂತ ನನಗೆ ಗೊತ್ತು ಅನ್ನುವುದು ಅವರಿಗೂ ಗೊತ್ತು. ಅವರು ಒಂದು ಥರ ಮುದುಡಿದರು. ಆಮೇಲೆ ನಾನು ಜಮಖಾನ ಹಾಸಲು ಪಟ್ಟ ಪಾಡು ನೋಡಿ ಅವರ ಮುಖದಲ್ಲಿ ಧೈರ್ಯ ಬಂತು.

‘ನಮ್ ವೀರಾಪುರದ ಬುದ್ದಿಯೋರು ನೂರಾ ಹನ್ನೊಂದು ವರ್ಸ ಬಾಳಿದ್ರು, ಇನ್ನು ಟೈಲ್ರಣ್ಣ ಬುಡ್ತಾನಾ’ ಅಂತ ಡೇರಿಯವರು ನಕ್ಕರು. ಸಿದ್ಧಗಂಗೆಯ ಶಿವಕುಮಾರ ಸ್ವಾಮೀಜಿ ಹುಟ್ಟಿದ ವೀರಾಪುರ ನಮ್ಮ ಮಾಗಡಿ ತಾಲ್ಲೂಕಿನದೇ. 2019ರ ಜನವರಿ 21ರಂದು ಅವರು ಲಿಂಗೈಕ್ಯರಾದ ದಿನ ಇಲ್ಲಿ ಬಹಳ ಮನೆಗಳಲ್ಲಿ ಒಲೆ ಹಚ್ಚಿರಲಿಲ್ಲ. ಬೆಳಕು ಹರಿಯುವ ಮುಂಚೆ ಎದ್ದವರನ್ನು ಕಂಡರೆ ನಮ್ಮ ಜನಕ್ಕೆ ಮೊದಲು ನೆನಪಾಗುವುದು ಅವರೇ. ನಾನು ಎದ್ದದ್ದು ಅಲಾರಂ ಮೂರು ಸಲ ಹೊಡೆದ ಮೇಲೆ ಅಂತ ಹೇಳಲು ಹೋಗಲಿಲ್ಲ.

ಮೊದಲು ತಾಡಾಸನ. ನಿಲ್ಲುವುದು ಅಷ್ಟೇ. ಮೇಷ್ಟ್ರು ನನ್ನ ಹಿಂದೆ ಬಂದು ನಿಂತು, ‘ಬಲಗಡೆ ಭುಜ ಒಂದು ಬೆರಳು ಕೆಳಗಿದೆ, ಗೊತ್ತಾ?’ ಅಂದರು. ನಗು ಬಂತು. ಎಲ್ಲರ ಭುಜವೂ ಒಂದು ಕಡೆ ಇಳಿದಿರುತ್ತದೆ. ಚೀಲ ಹೊರುವವರದು ಒಂದು ಕಡೆ, ಗೇರು ಹಾಕುವವರದು ಒಂದು ಕಡೆ. ಕೋಟು ಹೊಲಿಯುವಾಗ ನಾವು ಇಳಿದ ಕಡೆ ಒಳಗೆ ಒಂದು ಪದರ ಹೆಚ್ಚಿಗೆ ಇಟ್ಟು ಸಮ ಮಾಡುತ್ತೇವೆ, ಗಿರಾಕಿಗೆ ಹೇಳುವುದಿಲ್ಲ. ಹೇಳಿದರೆ ಬೇಜಾರು ಮಾಡಿಕೊಳ್ಳುತ್ತಾರೆ. ಮೂವತ್ತಾರು ವರ್ಷ ಊರವರ ಭುಜ ಮುಚ್ಚಿಟ್ಟು ಕಾಪಾಡಿದವನಿಗೆ ತನ್ನ ಭುಜದ ಸುದ್ದಿ ಬೇರೆಯವರ ಬಾಯಿಂದ ಗೊತ್ತಾಯಿತು.

ಆಮೇಲೆ ಪಾದಹಸ್ತಾಸನ. ನಿಂತ ಹಾಗೇ ಮುಂದೆ ಬಗ್ಗಿ ಕೈಯನ್ನು ಪಾದದ ಹತ್ತಿರ ಒಯ್ಯಬೇಕು. ಎಸ್ಸೆಸ್ಸೆಲ್ಸಿ ಹುಡುಗ ಚಾಕು ಮಡಿಸಿದ ಹಾಗೆ ಮಡಿಸಿಕೊಂಡ. ನನ್ನ ಕೈ ಮೊಣಕಾಲಿನಿಂದ ಎರಡು ಇಂಚು ಕೆಳಗೆ ಹೋಗಿ ನಿಂತಿತು. ಪಾದ ಮೊದಲಿಗಿಂತ ದೂರ ಹೋದ ಹಾಗೆ ಕಾಣಿಸಿತು. ಹೇಗಾದರೂ ಮಾಡಿ ಇಳಿಸೋಣ ಅಂತ ಹಲ್ಲು ಕಚ್ಚಿ, ಕಿವಿ ಬಿಸಿಯಾಗಿ, ಮೊಣಕಾಲು ನಡುಗುತ್ತಿರುವಾಗ ಮೇಷ್ಟ್ರು ಪಕ್ಕಕ್ಕೆ ಬಂದು ಆರಾಮಾಗಿ ಕೇಳಿದರು: ‘ಟೈಲರ್ರೇ, ಅಂಗಡಿ ಎಷ್ಟೊತ್ತಿಗೆ ತೆಗೀತೀರಿ?’

‘ಒಂಬತ್ತ್...’ ಅನ್ನಲು ಹೋದೆ. ಮಾತು ಹೊರಡಲಿಲ್ಲ. ಯಾವಾಗಿನಿಂದಲೋ ಉಸಿರು ಕಟ್ಟಿಕೊಂಡಿದ್ದೆ. ‘ಒಂಬತ್ತು ಗಂಟೆಗೆ’ ಅಂತ ಹೇಳಿ ಮುಗಿಸುವಷ್ಟರಲ್ಲಿ ಉಸಿರು ಹೊರಗೆ ಹೋಯಿತು, ಬೆನ್ನಿನಲ್ಲಿ ಬಿಗಿದಿದ್ದ ಎಂಥದೋ ಸಡಿಲಾಯಿತು, ಕೈ ತಾನಾಗಿ ಇನ್ನು ಒಂದಿಂಚು ಇಳಿಯಿತು.

ನನ್ನದೇ ಗುಟ್ಟು! ನಾನು ‘ಮಳೆ ಹೆಂಗೆ’ ಅಂತ ಕೇಳುವುದೂ ಇವರು ‘ಅಂಗಡಿ ಎಷ್ಟೊತ್ತಿಗೆ’ ಅಂತ ಕೇಳುವುದೂ ಒಂದೇ. ಆಮೇಲೆ ಗಮನಿಸಿದೆ, ಹೊಸದಾಗಿ ಬಂದವರನ್ನೆಲ್ಲ ಮೇಷ್ಟ್ರು ಆಸನದ ನಡುವೆ ಏನಾದರೂ ಕೇಳುತ್ತಾರೆ. ಉತ್ತರ ಬಂದರೆ ಸರಿ, ಬಾರದಿದ್ದರೆ ‘ಅಷ್ಟು ದೂರ ಹೋಗಬೇಡಿ, ಮಾತಾಡಕ್ಕೆ ಆಗೋವಷ್ಟೇ ಹೋಗಿ’ ಅನ್ನುತ್ತಾರೆ. ಹೊಸಬರಿಗೆ ಇದಕ್ಕಿಂತ ಸುಲಭದ ಅಳತೆಗೋಲು ಯಾವುದಿದೆಯೋ ನಾನು ಕಾಣೆ.

ಅದೇ ವಾರ ಲಾರಿಯವರ ಪ್ಯಾಂಟು ತ್ರಿಕೋನಾಸನದಲ್ಲಿ ಟರ್ ಅಂತ ಬಾಯಿ ಬಿಟ್ಟಿತು. ಎಲ್ಲರೂ ತಿರುಗಿ ನೋಡಿದ್ದು ಅವರನ್ನಲ್ಲ, ನನ್ನನ್ನು. ಹೊಲಿದವನು ನಾನೇ. ಹಬ್ಬದ ಗಲಾಟೆಯಲ್ಲಿ ಮಳೆ ವಿಚಾರ ಕೇಳುವುದನ್ನು ಮರೆತು ಅಳತೆ ಬರೆದುಕೊಂಡಿರಬೇಕು. ಮಾರನೇ ದಿನ ಪಟ್ಟಿಪೈಜಾಮ ಹೊಲಿದು ಕೊಟ್ಟೆ, ದುಡ್ಡು ತೆಗೆದುಕೊಳ್ಳಲಿಲ್ಲ.

ಹೂ ಮಾರುವ ಅಜ್ಜಿ ಮಲಾಸನದಲ್ಲಿ, ಅಂದರೆ ಕುಕ್ಕರುಗಾಲಲ್ಲಿ, ಎಷ್ಟು ಹೊತ್ತು ಬೇಕಾದರೂ ಕೂರುತ್ತಾರೆ. ‘ಇದ್ಯಾವ ಆಸ್ನಾನಪ್ಪ, ನಾವು ರಾಗಿ ಹೊಲ್ದಾಗೆ ಕಳೆ ಕೀಳಾಗ ಕುಂತ್ಕಳದು ಹಿಂಗೇ ಅಲ್ವಾ’ ಅಂದರು. ನಮ್ಮ ಹಿರಿಯರ ಕೆಲಸವೇ ಯೋಗವಾಗಿತ್ತು ಅಂತ ಭಾಷಣ ಮಾಡುವವರನ್ನು ಕೇಳಿದ್ದೇನೆ. ನಾನೂ ತಲೆಯಾಡಿಸುತ್ತಿದ್ದೆ. ಆದರೆ ಕೈ ಎರಡನ್ನೂ ತಲೆ ಮೇಲೆ ಎತ್ತಿ ಅಂದಾಗ ಅದೇ ಅಜ್ಜಿಯ ಬಲಗೈ ಕಿವಿಯ ಹತ್ತಿರ ನಿಂತುಹೋಯಿತು. ಐವತ್ತು ವರ್ಷ ಬಗ್ಗಿ ಕಿತ್ತ ಕೈ, ಬಗ್ಗಿ ಕಟ್ಟಿದ ಕೈ. ಮೇಲೆ ಹೋಗುವ ಪ್ರಸಂಗವೇ ಬಂದಿರಲಿಲ್ಲ. ದುಡಿಮೆ ಮೈಯನ್ನು ಒಂದೇ ದಿಕ್ಕಿಗೆ ಬಗ್ಗಿಸುತ್ತದೆ, ಆಸನ ಇನ್ನೊಂದು ದಿಕ್ಕೂ ಇದೆ ಅಂತ ನೆನಪಿಸುತ್ತದೆ. ಮಿಷನ್ನಿನ ಮುಂದೆ ಮೂವತ್ತಾರು ವರ್ಷ ಮುಂದಕ್ಕೇ ಬಾಗಿದ ನನಗೆ ಹೆಡೆ ಎತ್ತುವ ಭುಜಂಗಾಸನ ಕೊಟ್ಟ ಸುಖವನ್ನು ಯಾವ ಎಣ್ಣೆಯೂ ಕೊಟ್ಟಿರಲಿಲ್ಲ.

ಇನ್ನು ಶವಾಸನ. ಇದು ನನಗೆ ಬರುತ್ತದೆ ಅಂದುಕೊಂಡಿದ್ದ ಒಂದೇ ಆಸನ. ಅಂಗಾತ ಮಲಗಿ ಕಣ್ಣು ಮುಚ್ಚಿದೆ. ಸ್ವಲ್ಪ ಹೊತ್ತಿಗೆ ಮೇಷ್ಟ್ರು ನನ್ನ ಬಲಗಾಲಿನ ಹೆಬ್ಬೆರಳು ಮುಟ್ಟಿದರು. ‘ಮಿಷನ್ ನಿಲ್ಲಿಸಿ ಟೈಲರ್ರೇ’ ಅಂದರು. ಪಾದ ತನ್ನ ಪಾಡಿಗೆ ಪೆಡಲ್ ತುಳಿಯುತ್ತಿತ್ತು. ಅಂಗಡಿಯ ಮಿಷನ್ನಿಗೆ ಮೋಟಾರು ಹಾಕಿಸಿ ಏಳೆಂಟು ವರ್ಷವಾಗಿದೆ. ಆದರೂ ಪಾದ ಇನ್ನೂ ಹಳೇ ಮಿಷನ್ನಿನ ನೌಕರಿಯಲ್ಲಿದೆ. ಅದು ಸುಮ್ಮನಾಗಲು ಎರಡು ತಿಂಗಳು ಹಿಡಿಯಿತು. ಎಲ್ಲಕ್ಕಿಂತ ಕಷ್ಟದ ಆಸನ ಯಾವುದು ಅಂತ ಯಾರಾದರೂ ಕೇಳಿದರೆ ನಾನು ಶೀರ್ಷಾಸನದ ಹೆಸರು ಹೇಳುವುದಿಲ್ಲ.

ಮೇಷ್ಟ್ರಿಗೆ ಮಾತು ಜಾಸ್ತಿ. ತರಗತಿ ಮುಗಿದ ಮೇಲೆ ಕಾಫಿ ಕುಡಿಯುತ್ತಾ ಕಥೆ ಶುರು ಮಾಡುತ್ತಾರೆ. ಈಗ ಲೋಕದ ತುಂಬ ನಡೆಯುತ್ತಿರುವ ಆಸನದ ಕಲಿಕೆಯ ಒಂದು ದೊಡ್ಡ ಬೇರು ನಮ್ಮ ಮೈಸೂರಿನಲ್ಲಿದೆ ಅನ್ನುವುದು ನನಗೆ ಗೊತ್ತಾದದ್ದು ಹಾಗೆ. ಚಿತ್ರದುರ್ಗದ ಕಡೆ 1888ರಲ್ಲಿ ಹುಟ್ಟಿದ ತಿರುಮಲೈ ಕೃಷ್ಣಮಾಚಾರ್ಯರಿಗೆ ನಾಲ್ವಡಿ ಕೃಷ್ಣರಾಜ ಒಡೆಯರು ಆಶ್ರಯ ಕೊಟ್ಟು, 1933ರಲ್ಲಿ ಜಗನ್ಮೋಹನ ಅರಮನೆಯಲ್ಲಿ ಯೋಗಶಾಲೆಗೆ ಜಾಗ ಮಾಡಿಸಿದರು. ಮರುವರ್ಷ ಆಚಾರ್ಯರ ‘ಯೋಗ ಮಕರಂದ’ ಬಂತು, ಕನ್ನಡದಲ್ಲಿ. ವಿದೇಶದವರು ಈಗ ಇಂಗ್ಲಿಷಿನಲ್ಲಿ ಹುಡುಕಿ ಓದುವ ಆ ಪುಸ್ತಕ ಮೊದಲು ಹುಟ್ಟಿದ್ದು ನಾವು ಮಾತಾಡುವ ಭಾಷೆಯಲ್ಲಿ. ಅದೇ ಚಿತ್ರದುರ್ಗ ಜಿಲ್ಲೆಯ ಮಲ್ಲಾಡಿಹಳ್ಳಿಯ ರಾಘವೇಂದ್ರ ಸ್ವಾಮೀಜಿ, ‘ತಿರುಕ’ ಅಂತ ಬರೆಯುತ್ತಿದ್ದವರು, ಹಳ್ಳಿ ಹಳ್ಳಿಗೆ ಹೋಗಿ ಆಸನ ವ್ಯಾಯಾಮ ಕಲಿಸಿದರಂತೆ. ಅರಮನೆಯಿಂದ ಒಂದು ದಾರಿ ಲೋಕಕ್ಕೆ ಹೋಯಿತು, ಆಶ್ರಮದಿಂದ ಇನ್ನೊಂದು ದಾರಿ ಊರ ಚಾವಡಿಗೆ ಬಂತು.

ಆದರೆ ಆ ಕಥೆಗಳಲ್ಲಿ ನನ್ನ ಮನಸ್ಸಿಗೆ ಹತ್ತಿದವರು ಬಿ.ಕೆ.ಎಸ್. ಅಯ್ಯಂಗಾರ್. ಕೋಲಾರದ ಕಡೆಯ ಬೆಳ್ಳೂರಿನಲ್ಲಿ 1918ರಲ್ಲಿ ಹುಟ್ಟಿದವರು. ಆ ವರ್ಷ ಇನ್‌ಫ್ಲುಯೆಂಜಾ ಹೊಡೆತದ ವರ್ಷ. ಹುಟ್ಟಿದಾಗಿನಿಂದ ಕಾಯಿಲೆ. ಮಲೇರಿಯಾ, ಟೈಫಾಯ್ಡು, ಕ್ಷಯ ಎಲ್ಲ ಬಂದು ಹೋದ ಮೈ. 1934ರಲ್ಲಿ ಮೈಸೂರಿಗೆ ಭಾವನ ಮನೆಗೆ ಬಂದಾಗ ಹದಿನೈದರ ಹುಡುಗ. ಆ ಭಾವನೇ ಕೃಷ್ಣಮಾಚಾರ್ಯರು. ಮುಂದೆ ಪುಣೆಗೆ ಹೋಗಿ, 1966ರಲ್ಲಿ ‘ಲೈಟ್ ಆನ್ ಯೋಗ’ ಬರೆದು ಜಗತ್ತಿಗೇ ಮೇಷ್ಟ್ರಾದವರು ಹೀಗೆ ಬಗ್ಗದ ಮೈಯಿಂದ ಶುರು ಮಾಡಿದರು ಅಂದಾಗ ನನಗೆ ನನ್ನ ಮೊಣಕಾಲಿನ ಬಗ್ಗೆ ಇದ್ದ ನಾಚಿಕೆ ಅರ್ಧ ಹೋಯಿತು. ‘ಅವರಿಗೆ ಹದಿನೈದು, ನನಗೆ ಐವತ್ತಾರು’ ಅಂದೆ. ಮೇಷ್ಟ್ರು ಅದಕ್ಕೂ ಒಂದು ಕಥೆ ಇಟ್ಟುಕೊಂಡಿದ್ದರು. 1937ರಲ್ಲಿ ಇಂದ್ರಾದೇವಿ ಅನ್ನುವ ವಿದೇಶೀ ಹೆಂಗಸು ಕಲಿಯಲು ಮೈಸೂರಿಗೆ ಬಂದರು. ಆಚಾರ್ಯರು ಮೊದಲು ಆಗುವುದಿಲ್ಲ ಅಂದುಬಿಟ್ಟರು. ಮಹಾರಾಜರು ಹೇಳಿದ ಮೇಲೆ ಒಪ್ಪಿಕೊಂಡರು. ಆಕೆ ಆಗಲೇ ನಲವತ್ತರ ಹತ್ತಿರ. ಕಲಿತು, ಕಲಿಸಿ, ನೂರು ದಾಟಿ ಬಾಳಿದರು.

ಕಥೆ ಕೇಳಿದರೆ ಮೈ ಬಗ್ಗುವುದಿಲ್ಲ, ಹುಮ್ಮಸ್ಸು ಮಾತ್ರ ಬರುತ್ತದೆ. ಒಂದು ಭಾನುವಾರ ಮನೆಯಲ್ಲಿ ಯಾರೂ ಇಲ್ಲದಾಗ ಫೋನಿನಲ್ಲಿ ನೋಡಿಕೊಂಡು ಹಲಾಸನಕ್ಕೆ ಇಳಿದೆ. ಮಲಗಿ ಕಾಲನ್ನು ತಲೆಯ ಹಿಂದಕ್ಕೆ ಒಯ್ಯುವುದು. ಫೋನಿನಲ್ಲಿದ್ದ ಹುಡುಗಿ ನಗುನಗುತ್ತಾ ಮಾಡುತ್ತಿದ್ದಳು. ಹಿಂದಿನ ರಾತ್ರಿಯ ಬಾಡೂಟ, ಬೆಳಗಿನ ಮುದ್ದೆ ಇನ್ನೂ ಹೊಟ್ಟೆಯಲ್ಲೇ ಇದ್ದವು. ಕಾಲು ಹಿಂದಕ್ಕೆ ಹೋಯಿತು, ಮೈ ಕತ್ತಿನ ಮೇಲೆ ಕೂತಿತು. ನಾಲ್ಕು ದಿನ ಕತ್ತು ಎಡಕ್ಕೆ ತಿರುಗಲಿಲ್ಲ. ಮದುವೆ ಕಾಲ. ಏಳು ರವಿಕೆ ಬಾಕಿ. ಹೆಣ್ಣಿನ ಕಡೆಯವರು ಅಂಗಡಿ ಮುಂದೆ ನಿಂತು ಕೇಳಿದ ಪ್ರಶ್ನೆಗಳಿಗೆ ನಾನು ಬಲಗಡೆಯ ಗೋಡೆ ನೋಡಿಕೊಂಡು ಉತ್ತರ ಹೇಳಿದೆ.

ಮೇಷ್ಟ್ರು ಬೈಯಲಿಲ್ಲ, ನನ್ನ ಭಾಷೆಯಲ್ಲೇ ಕೇಳಿದರು: ‘ಲಾರಿಯವರ ಅಳತೆ ತಗೊಂಡು ಡೇರಿಯವರಿಗೆ ಪ್ಯಾಂಟು ಹೊಲೀತೀರಾ?’

ಇಲ್ಲ.

‘ಮತ್ತೆ ಫೋನಿನ ಹುಡುಗಿ ಅಳತೆಗೆ ನಿಮ್ಮ ಕತ್ತನ್ನ ಯಾಕೆ ಹೊಲ್ಸಿದ್ರಿ?’

ಆ ಮಾತಿನ ಮೇಲೆ ಅವರು ಬುದ್ಧಿವಾದ ಹೇಳಲಿಲ್ಲ, ಒಂದು ಕೆಲಸ ಕೊಟ್ಟರು. ಅಯ್ಯಂಗಾರರು ಕಾಯಿಲೆಯವರಿಗೆ, ವಯಸ್ಸಾದವರಿಗೆ, ಮೈ ಬಗ್ಗದವರಿಗೆ ಅಂತ ಮರದ ದಿಮ್ಮಿ, ಕುರ್ಚಿ, ಹಗ್ಗ, ಕಂಬಳಿ, ಪಟ್ಟಿ ಇವನ್ನೆಲ್ಲ ಆಸನಕ್ಕೆ ತಂದರಂತೆ. ಕೈ ಕಾಲಿಗೆ ಎಟುಕದಿದ್ದರೆ ಕಾಲಿಗೆ ಪಟ್ಟಿ ಹಾಕಿ, ಪಟ್ಟಿಯ ತುದಿ ಹಿಡಿಯುವುದು. ‘ಅಂಥ ಪಟ್ಟಿ ಹತ್ತು ಹೊಲಿದು ಕೊಡಿ’ ಅಂದರು. ಯೂನಿಫಾರಂ ಪ್ಯಾಂಟಿನ ಬಟ್ಟೆ ತುಂಡುಗಳು ಮೂಲೆಯಲ್ಲಿ ರಾಶಿ ಬಿದ್ದಿದ್ದವು. ಒಂದೂವರೆ ಇಂಚು ಅಗಲ, ಎರಡು ಮೀಟರ್ ಉದ್ದ, ಒಳಗೆ ಕ್ಯಾನ್ವಾಸು ಕೊಟ್ಟು ಎರಡೂ ಅಂಚಿಗೆ ಜೋಡಿ ಹೊಲಿಗೆ ಹಾಕಿದೆ. ಅರ್ಧ ದಿನದ ಕೆಲಸ.

ಕಾಲು ನೀಡಿ ಕೂತು ನನ್ನ ಪಟ್ಟಿಯನ್ನು ಅಂಗಾಲಿಗೆ ಹಾಕಿ ಹಿಡಿದಾಗ ನನ್ನ ಕೈಗೂ ಕಾಲಿಗೂ ನಡುವೆ ಉಳಿದ ದೂರ ಕಣ್ಣಿಗೆ ಕಂಡಿತು. ಟೇಪು ಹಿಡಿದು ನೋಡಿದೆ. ಒಂಬತ್ತು ಇಂಚು. ಅದಕ್ಕೆ ಮುಂಚೆ ಅದು ‘ಆಗಲ್ಲ’ ಅನ್ನುವ ಒಂದು ಮಾತಾಗಿತ್ತು, ಈಗ ಒಂದು ಸಂಖ್ಯೆ ಆಯಿತು. ಆಗಲ್ಲ ಅನ್ನುವುದಕ್ಕೆ ಮದ್ದಿಲ್ಲ. ಒಂಬತ್ತು ಇಂಚಿಗೆ ಮದ್ದಿದೆ: ಒಂಬತ್ತು ಇಂಚಿನ ಪಟ್ಟಿ. ಈಗ ಅದು ಆರೂವರೆ ಇಂಚಿಗೆ ಬಂದು ನಿಂತಿದೆ. ಸೊನ್ನೆ ಆಗುತ್ತದೋ ಇಲ್ಲವೋ ಗೊತ್ತಿಲ್ಲ, ಆಗದಿದ್ದರೆ ನಷ್ಟವೂ ಇಲ್ಲ.

ಘೇರಂಡ ಸಂಹಿತೆಯಲ್ಲಿ ಜೀವರಾಶಿಗಳು ಎಷ್ಟಿವೆಯೋ ಅಷ್ಟು ಆಸನಗಳು, ಎಂಬತ್ನಾಲ್ಕು ಲಕ್ಷ ಅಂತ ಹೇಳಿ, ಕೊನೆಗೆ ಮನುಷ್ಯರಿಗೆ ಮೂವತ್ತೆರಡು ಸಾಕು ಅಂದಿದೆಯಂತೆ. ಪತಂಜಲಿಯ ಯೋಗಸೂತ್ರಗಳು ಇನ್ನೂರಕ್ಕೆ ಹತ್ತಿರ ಇದ್ದರೂ ಅದರಲ್ಲಿ ಆಸನ ಹೇಗಿರಬೇಕು ಅನ್ನುವ ವಿವರ ಬರುವುದು ಮೂರು ಸೂತ್ರಗಳಲ್ಲಿ ಮಾತ್ರ. ಅಲ್ಲಿರುವುದೂ ಇಷ್ಟೇ: ಅಲುಗಾಡದೆ, ಆರಾಮಾಗಿ ಇರಬೇಕು. ಕೈ ಪಾದಕ್ಕೆ ಮುಟ್ಟಲೇಬೇಕು ಅಂತ ಅಲ್ಲಿ ಇಲ್ಲ. ಎರಡರಲ್ಲಿ ಒಂದು ಇದ್ದರೆ ಸಾಲದು. ಬಿಗಿ ಹೊಲಿಗೆ ಅಲುಗುವುದಿಲ್ಲ, ಆದರೆ ಆರಾಮಿಲ್ಲ. ದೊಗಳೆ ಬಟ್ಟೆ ಆರಾಮು, ಆದರೆ ನಿಲ್ಲುವುದಿಲ್ಲ. ಎರಡೂ ಕೂಡಿದ ಬಟ್ಟೆ ಹೊಲಿಯಲು ನನಗೆ ಹತ್ತು ವರ್ಷ ಹಿಡಿದಿತ್ತು. ಮೈಗೂ ಅಷ್ಟು ಹಿಡಿಯಲಿ.

ಜೂನ್ 21 ಬಂತು. 2014ರ ಡಿಸೆಂಬರಿನಲ್ಲಿ ವಿಶ್ವಸಂಸ್ಥೆ ಒಪ್ಪಿ, 2015ರಿಂದ ನಡೆಯುತ್ತಿರುವ ಯೋಗ ದಿನ. ಮೈದಾನದಲ್ಲಿ ಮಕ್ಕಳ ಸಾಲು, ಮೈಕು, ಭಾಷಣ, ಬಾಳೆಹಣ್ಣು. ಸರ್ಕಾರದ ನಲವತ್ತೈದು ನಿಮಿಷದ ಕ್ರಮ ಮುಗಿಯಿತು. ‘ನಾಳೆಯಿಂದ ನಾವೂ ಬತ್ತೀವಿ’ ಅಂದವರು ಮೂವತ್ತು ಜನ. ಇಪ್ಪತ್ತೆರಡನೇ ತಾರೀಕು ಬಂದವರು ಒಂಬತ್ತು, ಎಲ್ಲ ಹಳಬರೇ. ಇದನ್ನು ವ್ಯಂಗ್ಯಕ್ಕೆ ಹೇಳುತ್ತಿಲ್ಲ. ಒಂದು ದಿನದ ಮೈದಾನದಲ್ಲಿ ಎಲ್ಲರಿಗೂ ಒಂದೇ ಅಳತೆ, ಮೈಕು ಹೇಳಿದ ಅಳತೆ. ಅದು ಸರಿಹೊಂದದೆ ಮೈಕೈ ನೋಯಿಸಿಕೊಂಡವರು ತಿರುಗಿ ಬರಲಿಲ್ಲ. ರೆಡಿಮೇಡು ಬಂದ ಮೇಲೆ ನನ್ನ ಅಂಗಡಿಗೆ ಬರುವ ಕೆಲಸದಲ್ಲಿ ಅರ್ಧ ಆಲ್ಟ್ರೇಷನ್ನು. ಕಾಲು ಕತ್ತರಿಸು, ಸೊಂಟ ಬಿಚ್ಚು, ತೋಳು ಇಳಿಸು. ಯೋಗಕ್ಕೂ ಹೀಗೆ ಬಿಚ್ಚಿ ಹೊಲಿದು ಕೊಡುವ ಒಬ್ಬ ಮೇಷ್ಟ್ರು ಬೇಕು. ಪುಸ್ತಕ, ಫೋನು ಆಮೇಲೆ.

ಶುರು ಮಾಡಬೇಕು ಅಂದುಕೊಂಡವರು ಅಂಗಡಿಗೆ ಬಂದಾಗ ನನ್ನನ್ನು ಕೇಳುತ್ತಾರೆ, ನಾನು ಗುರುವಲ್ಲದಿದ್ದರೂ. ಹೊಟ್ಟೆ ಖಾಲಿ ಇರಲಿ ಅನ್ನುತ್ತೇನೆ. ಮುದ್ದೆ ಉಂಡಿದ್ದರೆ ನಾಲ್ಕು ಗಂಟೆ ಬಿಡಿ. ಬಿ.ಪಿ., ಹಾರ್ಟು, ಸ್ಲಿಪ್ ಡಿಸ್ಕು ಇದ್ದವರು, ಬಸುರಿಯರು ಡಾಕ್ಟರನ್ನು ಕೇಳಿ, ಮೇಷ್ಟ್ರಿಗೂ ಮೊದಲೇ ಹೇಳಿ. ಮುಚ್ಚಿಟ್ಟರೆ ಅಳತೆ ತಪ್ಪುತ್ತದೆ. ಪಕ್ಕದವರನ್ನು ನೋಡಬೇಡಿ, ಅವರ ಬಟ್ಟೆ ಬೇರೆ. ನೋವು ಬಂದ ಕಡೆ ನಿಲ್ಲಿಸಿ. ಒಂದು ಗಂಟೆ ಮಾಡಿ ಮೂರು ದಿನ ಬಿಡುವುದಕ್ಕಿಂತ ಇಪ್ಪತ್ತು ನಿಮಿಷ ದಿನಾ ಮಾಡಿ. ನನ್ನ ಮ್ಯಾಗ್ನೆಟ್ಟು ಈಗಲೂ ಮಿಷನ್ನಿನ ಪಕ್ಕ ನೇತಾಡುತ್ತಿದೆ. ಗುಂಡಿ ಬಿದ್ದರೆ ನಾನೇ ಬಗ್ಗುತ್ತೇನೆ. ಸೂಜಿ ಬಿದ್ದರೆ ಒಮ್ಮೊಮ್ಮೆ ಸೋಮಾರಿತನಕ್ಕೆ ಮ್ಯಾಗ್ನೆಟ್ಟೇ.

ಸಕ್ಕರೆ ಗಡಿಯಿಂದ ಸ್ವಲ್ಪ ಈಚೆ ಬಂದಿದೆ. ಅದು ಯೋಗದಿಂದಲೋ, ರಾತ್ರಿ ಎರಡನೇ ಮುದ್ದೆ ಬಿಟ್ಟದ್ದರಿಂದಲೋ ನನಗೆ ಗೊತ್ತಿಲ್ಲ. ನಮ್ಮನೆಯವಳು ಮುದ್ದೆ ಬಿಡಿಸಿದ್ದು ತಾನು ಅನ್ನುತ್ತಾಳೆ.

ಮೊನ್ನೆ ಹದಿನೆಂಟನೇ ಅಳತೆ ಪುಸ್ತಕ ಶುರು ಮಾಡಿದೆ. ಮೊದಲನೇ ಪುಟದಲ್ಲಿ ನನ್ನದೇ ಇರಲಿ ಅನ್ನಿಸಿತು. ತರಗತಿಗೆ ಸೇರಿದ ಹಿಂದಿನ ದಿನ ಗುಟ್ಟಾಗಿ ಒಂದು ಸಲ ಅಳೆದುಕೊಂಡು ಚೀಟಿಯಲ್ಲಿ ಬರೆದಿಟ್ಟಿದ್ದೆ: 39. ಆ ಚೀಟಿ ಬರೆಯುವಾಗ ಉಸಿರು ಎಲ್ಲಿತ್ತು ಅಂತ ಈಗ ಚೆನ್ನಾಗಿ ನೆನಪಿದೆ. ಈ ಸಲ ಅಂಗಡಿಯ ಹುಡುಗನ ಕೈಗೆ ಟೇಪು ಕೊಟ್ಟು ನಿಂತೆ. ಅವನು ಟೇಪು ಸುತ್ತಿ, ನಾನು ಕಲಿಸಿದ ಹಾಗೆ, ‘ಅಣ್ಣ, ಈ ಸತಿ ಮಳೆ ಹೆಂಗಣ್ಣ?’ ಅಂದ. ‘ಪರವಾಗಿಲ್ಲ ಕಣೋ’ ಅಂದೆ, ಪೂರಾ ಉಸಿರು ಬಿಟ್ಟು.

40. ಪುಸ್ತಕದ ಲೆಕ್ಕದಲ್ಲಿ ಒಂದು ವರ್ಷ ಯೋಗ ಮಾಡಿ ನನ್ನ ಸೊಂಟ ಒಂದು ಇಂಚು ಹೆಚ್ಚಾಗಿದೆ.